ಬೆಲ್ಲದ ಬಿಯರ್

ಗೋಕಾಕ, ಮೂಡಲಗಿ, ಹುಕ್ಕೇರಿಯ ನಾವು ಮೂವರು ಬೆಂಗಳೂರಲ್ಲಿ ಸೇರಿದರೆ ಒಂದೇ ಹುಚ್ಚು, ಯಾವ ಮೈಕ್ರೋಬ್ರೂವರಿಯಲ್ಲಿ ಹೊಸ ಬಿಯರ್ ಬಂದಿದೆ ಅಂತ ಹುಡುಕೋದು. 2010ರಲ್ಲಿ ಶುರುವಾದ ಇಂದಿರಾನಗರದ ಟಾಯ್ಟ್‌ನಲ್ಲಿ ಬಾಸ್ಮತಿ ಅಕ್ಕಿ ಹಾಕಿದ ಬಿಯರ್ ಕುಡಿದಾಗ ಹತ್ತಿದ ಚಟ. ಸ್ಪೆಷಲ್ ಬಿಯರ್ ಒಂದೇ ಟ್ಯಾಂಕ್ ಮಾಡಿರ್ತಾರೆ, ಖಾಲಿಯಾದ್ರೆ ಮುಗೀತು.

ಮೊನ್ನೆ ಶನಿವಾರ ಇನ್ನೊಂದು ಕಡೆ ಬೆಲ್ಲದ ಬಿಯರ್ ಬಂದಿದೆ ಅಂತ ಓಡಿದ್ವಿ. ಸಿಕ್ಕಿದ್ದು ಕೊನೆಯ ಒಂದೇ ಗ್ಲಾಸ್. ಸಿಹಿಯನ್ನೆಲ್ಲ ಯೀಸ್ಟ್ ತಿಂದುಬಿಟ್ಟಿತ್ತು, ಉಳಿದಿದ್ದು ಬೆಲ್ಲದ ವಾಸನೆಯಷ್ಟೇ. ಬ್ಯಾಗಿನಲ್ಲಿದ್ದ ಕರದಂಟು ಕಡಿದು ಸರಿ ಮಾಡ್ಕೊಂಡ್ವಿ :-)

ಅಷ್ಟರಲ್ಲಿ ಮೂಡಲಗಿಯಿಂದ ಅಪ್ಪನ ಫೋನು.

"ನಮ್ಮ ಗಾಣ ಈ ವರ್ಸ ಕಡೀದು ನೋಡಪಾ. ಮುಂದ ಎಲ್ಲಾ ಕಬ್ಬು ಫ್ಯಾಕ್ಟರಿಗೇ. ಬಿಸಿ ಬೆಲ್ಲ ತಿನ್ನೂದಿದ್ರ ಬಾ."

ಗ್ಲಾಸ್ ಕೆಳಗಿಟ್ಟೆ. ಶುಕ್ರವಾರದ ಬಸ್ಸಿಗೆ ಮೂರು ಟಿಕೆಟ್ ತಗೊಂಡಾಯ್ತು. ಫೋನ್ ಬಂದಾಗ ಎಲ್ಲಿದ್ವಿ ಅಂತ ಅಪ್ಪಗ ಹೇಳಿಲ್ಲ, ನೀವೂ ಹೇಳ್ಬೇಡ್ರಿ.