ಸುಲ್ತಾನರ ಕಾಸು

ನಮ್ಮ ಚಿಕ್ಕಪ್ಪ ದುಬೈನಲ್ಲಿ ಡ್ರೈವರ್. ಹೋದ ಸಲ ರಜೆಗೆ ಬಂದಾಗ ಅಜ್ಜಿಗೆ ಒಂದು ಸರ ತಂದಿದ್ದರು. ಹದಿನೆಂಟು ಹಳದಿ ಕಾಸು, ಒಂದೊಂದರ ಮೇಲೂ ಅರಬ್ಬಿ ಬರಹ. ತುರ್ಕಿಯ ಹಳೇ ಸುಲ್ತಾನರ ನಾಣ್ಯ ಅಂತ ಅಂಗಡಿಯವನು ಹೇಳಿದನಂತೆ. ಎಷ್ಟು ಕೊಟ್ಟಿರಿ ಅಂತ ನಾವ್ಯಾರೂ ಕೇಳಲಿಲ್ಲ.

ಅಜ್ಜಿಯ ಸ್ವಂತ ಕಾಸಿನ ಸರ ಅಕ್ಕನ ಮದುವೆ ಸಾಲಕ್ಕೆ ಬ್ಯಾಂಕಿನಲ್ಲಿ ಅಡ ಇದೆ. ಇದನ್ನು ಮಾರಿ ಅದನ್ನು ಬಿಡಿಸಬಹುದು ಅಂತ ಮೊದಲು ಹೇಳಿದವಳು ನಾನೇ. ಕ್ಲಾಸಿನಲ್ಲೂ ಜಂಬ ಕೊಚ್ಚಿದೆ. ನೀವೆಲ್ಲ ಕೇಳಿದ್ದೀರಿ.

ಒಂದು ದಿನ ಸರವನ್ನು ಉರ್ದು ಶಾಲೆಯ ಟೀಚರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಇಸವಿ ಓದಬಹುದಮ್ಮ, 1223. ಉಳಿದದ್ದು ಅಕ್ಷರವೇ ಅಲ್ಲ, ಅಕ್ಷರದ ಹಾಗೆ ಕಾಣೋ ಗೀಟು" ಅಂದರು. ಹಿಜರಿ 1223 ಅಂದರೆ ನಮ್ಮ ಲೆಕ್ಕದಲ್ಲಿ 1808, ಎರಡನೇ ಮಹಮೂದ್ ಸುಲ್ತಾನ ಪಟ್ಟಕ್ಕೆ ಬಂದ ವರ್ಷ. ಅವನ ಅಸಲಿ ನಾಣ್ಯದಲ್ಲಿ ಈ ಇಸವಿಯ ಜೊತೆಗೆ, ಆಳ್ವಿಕೆಯ ಎಷ್ಟನೇ ವರ್ಷ ಅಂತ ಇನ್ನೊಂದು ಅಂಕಿಯೂ ಇರುತ್ತದೆ. ನಮ್ಮದರಲ್ಲಿ ಇಲ್ಲ. ಟೀಚರ್ ಮೊಬೈಲಿನಲ್ಲಿ ಅಸಲಿಯ ಚಿತ್ರ ತೋರಿಸಿದರು. ಸುಲ್ತಾನನ ರುಜುವಿಗೆ ತುಘ್ರಾ ಅನ್ನುತ್ತಾರೆ. ಮೇಲಕ್ಕೆ ಮೂರು ಕಂಬ, ಎಡಕ್ಕೆ ಮೊಟ್ಟೆಯಾಕಾರದ ಎರಡು ಸುತ್ತು. ನಮ್ಮದು ಕೋಳಿ ಕೆದರಿದ ಹಾಗಿತ್ತು! ಹದಿನೆಂಟರಲ್ಲೂ ಒಂದೇ ಜಾಗದಲ್ಲಿ ಒಂದೇ ಕಚ್ಚು. ಅಸಲಿ ನಾಣ್ಯಕ್ಕೆ ಆಮೇಲೆ ತೂತು ಕೊರೆದರೆ ಬರಹ ಕತ್ತರಿಸಿ ಹೋಗುತ್ತದೆ. ಇಲ್ಲಿ ಗೀಟುಗಳೇ ತೂತಿಗೆ ಜಾಗ ಬಿಟ್ಟು ಕೂತಿದ್ದವು.

ಅಕ್ಕಸಾಲಿ ತಕ್ಕಡಿಗೆ ಹಾಕಿದರು. ಹದಿನೆಂಟೂ ಸೇರಿ 22 ಗ್ರಾಂ. 1844ರಿಂದ ಬಂದ ನೂರು ಕುರುಷ್‌ನ ಚಿನ್ನದ ನಾಣ್ಯ ಒಂದೇ 7.2 ಗ್ರಾಂ ಇರುತ್ತದೆ, ಅಗಲ ಸುಮಾರು ಇಷ್ಟೇ. "ಹಿತ್ತಾಳೆ" ಅಂತ ಸರ ವಾಪಸ್ ಕೊಟ್ಟರು.

ತುರ್ಕಿಯಲ್ಲಿ ಮದುಮಗಳಿಗೆ ಚಿನ್ನದ ನಾಣ್ಯ ತೊಡಿಸುತ್ತಾರೆ. ಚಿನ್ನ ಇಲ್ಲದವರೂ ತಲೆವಸ್ತ್ರಕ್ಕೆ ಇಂಥ ಬಿಲ್ಲೆ ಹೊಲಿದುಕೊಳ್ಳುತ್ತಿದ್ದರಂತೆ. ಅದು ಕೇಳಿ ಸ್ವಲ್ಪ ಸಮಾಧಾನವಾಯಿತು.

ಅಜ್ಜಿಗೆ ಹೇಳೋಕೆ ಎರಡು ದಿನ ಹಿಡಿಯಿತು. "ನಂಗೆ ಅವತ್ತೇ ಗೊತ್ತಿತ್ತು ಕಣೇ. ಚಿನ್ನ ಇಷ್ಟು ಗಲಗಲ ಅನ್ನಲ್ಲ" ಅಂದಳು. ಮತ್ಯಾಕೆ ಹೇಳಲಿಲ್ಲ ಅಂದೆ.

"ನಿಮ್ಮ ಚಿಕ್ಕಪ್ಪ ಎದುರಿಗೇ ಕೂತಿದ್ನಲ್ಲೇ."

ಜಾತ್ರೆಗೆ ಅದನ್ನೇ ಹಾಕಿಕೊಂಡು ಬಂದಿದ್ದಳು. ಒಂದು ಬಿಲ್ಲೆ ಕೇಳಿ ತಂದು ಈ ಹಾಳೆಯ ಕೆಳಗೆ ದಾರದಲ್ಲಿ ಕಟ್ಟಿದ್ದೇನೆ. ನೋಡಿ, ಆದರೆ ಕೀಳಬೇಡಿ. ಅಜ್ಜಿಗೆ ವಾಪಸ್ ಕೊಡಬೇಕು.

– 9ನೇ ತರಗತಿಯ ವಿದ್ಯಾರ್ಥಿನಿ