ಬಸ್ಸಿಲ್ಲದ ದಿನಗಳಲ್ಲಿ ಬಸುರಿಯರು

ಹೆರಿಗೆಯೆಂದರೆ ಹೆಣ್ಣಿಗೆ ಪುನರ್ಜನ್ಮ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಜನ್ಮ ಸುಖವಾಗಿ ಆಗಬೇಕಾದರೆ ಹೆರಿಗೆಯ ದಿನದ ಆರೈಕೆಯೊಂದೇ ಸಾಲದು. ಅದಕ್ಕೆ ಮುಂಚಿನ ತಿಂಗಳುಗಳ ಆರೈಕೆಯೂ ಬೇಕು. ಈ ಎರಡಕ್ಕೂ ಒಂದು ವ್ಯತ್ಯಾಸವುಂಟು. ಹೆರಿಗೆಯ ನೋವು ತಾನಾಗಿಯೇ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ನಡುರಾತ್ರಿಯಾದರೂ ಗಾಡಿ ಹುಡುಕಿಸುತ್ತದೆ. ರಕ್ತಹೀನತೆಯಾಗಲಿ ರಕ್ತದ ಒತ್ತಡವಾಗಲಿ ಹಾಗಲ್ಲ. ಅವು ಸದ್ದಿಲ್ಲದೆ ಬೆಳೆಯುತ್ತವೆ. ನೋವು ಕಾಣದ ಕಾಯಿಲೆಯನ್ನು ನಾಳೆ ತೋರಿಸಿದರಾಯಿತೆಂದು ಮುಂದಕ್ಕೆ ಹಾಕುವುದು ಬಡವರ ಮನೆಯ ವಾಡಿಕೆ. 2020ರಲ್ಲಿ ಕೊರೋನಾ ಬಂದಾಗ ಆ ನಾಳೆ ತಿಂಗಳುಗಟ್ಟಲೆ ಬರಲೇ ಇಲ್ಲ.

ನಮ್ಮ ನಾಡಿನಲ್ಲಿ ಬಸುರಿಯರಿಗೆ ಏರ್ಪಾಡುಗಳಿಲ್ಲವೆಂದು ಯಾರೂ ಹೇಳಲಾರರು. ತಾಯಿ ಕಾರ್ಡು ಉಂಟು. ಕನಿಷ್ಠ ನಾಲ್ಕು ಸಲ ತಪಾಸಣೆಯಾಗಬೇಕು, 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎಂಬ ನಿಯಮವುಂಟು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ಪರೀಕ್ಷಿಸುವ ಪದ್ಧತಿ 2016ರಲ್ಲಿ ಆರಂಭವಾಯಿತು. 2017ರಲ್ಲಿ ಅಂಗನವಾಡಿಗಳಲ್ಲಿ ಮಾತೃಪೂರ್ಣದ ಬಿಸಿಯೂಟ ಬಂದಿತು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರ ಪೈಕಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಕಂಡುಬಂದಿತು. ಏರ್ಪಾಡಿಗೂ ಅದನ್ನು ಪಡೆಯುವವಳಿಗೂ ನಡುವೆ ಒಂದು ದಾರಿಯಿದೆ. ಆ ದಾರಿ ಮೊದಲೇ ಕಷ್ಟದ್ದು.

ಆ ದಾರಿ ಮುಚ್ಚಿದ್ದು 2020ರ ಮಾರ್ಚ್ 25ರಂದು, ಯುಗಾದಿಯ ದಿನ. ನಾನಾಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದೆ. ಐದು ತಿಂಗಳ ಬಸುರಿಯಾದ ನಮ್ಮ ಅಕ್ಕ ಹಬ್ಬಕ್ಕೆಂದು ತವರಿಗೆ ಬಂದವಳು ಇಲ್ಲಿಯೇ ಉಳಿದಳು. ಅವಳ ತಾಯಿ ಕಾರ್ಡು ಬೇರೆ ಜಿಲ್ಲೆಯ ಗಂಡನ ಮನೆಯಲ್ಲಿತ್ತು. ಊರಿನ ಆಶಾ ಅಕ್ಕ ಮಾತ್ರ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಮನೆಗೆ ಬರುತ್ತಿದ್ದರು. ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ಬರೆದುಕೊಳ್ಳುತ್ತಿದ್ದರು. ಮೇ ತಿಂಗಳ ಮೊದಲ ವಾರ ಅವರ ಕಣ್ಣು ನಮ್ಮಕ್ಕನ ಕಾಲಿನ ಮೇಲೆ ಬಿತ್ತು.

“ಬಸ್ರಿ ಕಾಲು ಊದೋದು ಹೊಸದೇನಲ್ಲ, ಬಿಡವ್ವ” ಎಂದಳು ಅಜ್ಜಿ.

“ಇಲ್ಲ ಕಣಜ್ಜಿ, ಮುಖಾನೂ ಊದಿದೆ. ಒಂದ್ಸಲ ಬಿ.ಪಿ. ನೋಡಿಸಿಬಿಡಿ” ಎಂದರು ಅವರು.

ನೋಡಿಸುವುದೆಲ್ಲಿ? ಆರೋಗ್ಯ ಕೇಂದ್ರ ತೆರೆದಿತ್ತು. ಅದು ಹನ್ನೆರಡು ಕಿಲೋಮೀಟರ್ ದೂರ. ಕಾನೂನಿನಲ್ಲಿ ಬಸುರಿಗೆ ತಡೆಯಿರಲಿಲ್ಲ. ಅವಳನ್ನು ಒಯ್ಯುವ ಬಸ್ಸಿಗೆ ತಡೆಯಿತ್ತು. ನೋವಿಲ್ಲದಿರುವಾಗ 108ಕ್ಕೆ ಹೇಗೆ ಹೇಳುವುದೆಂದು ಅಪ್ಪ ಹಿಂಜರಿದರು. ಕೊನೆಗೆ ಮಾರುಕಟ್ಟೆಗೆ ಟೊಮೇಟೊ ಒಯ್ಯುವ ಗಾಡಿಯಲ್ಲಿ, ಚಾಲಕನ ಪಕ್ಕದಲ್ಲಿ ಅಕ್ಕ ಕುಳಿತು ಹೋದಳು. ಟೊಮೇಟೊಗೆ ಪಾಸಿತ್ತು! ರಕ್ತದ ಒತ್ತಡ 150ಕ್ಕೆ ಏರಿತ್ತು. ನಮ್ಮ ಕಡೆ ಇದಕ್ಕೆ ನಂಜು ಎನ್ನುತ್ತಾರೆ. ಬಿಟ್ಟರೆ ತಾಯಿಗೆ ಫಿಟ್ಸ್ ಬಂದು ಎರಡು ಜೀವಕ್ಕೂ ಅಪಾಯ. ಮಾತ್ರೆ ಆರಂಭವಾಯಿತು. ಆಗಸ್ಟ್‌ನಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರು.

ಎಲ್ಲರ ಪಾಲಿಗೂ ಟೊಮೇಟೊ ಗಾಡಿ ಬರಲಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ದಂಪತಿಗಳು ಅದೇ ಮೇ ತಿಂಗಳಲ್ಲಿ ಊರಿಗೆ ಮರಳಿದರು. ಹದಿನಾಲ್ಕು ದಿನ ಶಾಲೆಯ ಕೊಠಡಿಯಲ್ಲಿದ್ದು ಮನೆ ಸೇರಿದ ಮೇಲೂ ಅವರ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಆಕೆ ಬಸುರಿ. ಆಶಾ ಅಕ್ಕ ಮಾತ್ರೆ ಕೊಟ್ಟು ರಕ್ತ ಪರೀಕ್ಷೆಗೆ ಹೆಸರು ಬರೆದುಕೊಂಡರು. ಪರೀಕ್ಷೆ ಮಾಡಬೇಕಾದವರು ಕೊರೋನಾ ಕೆಲಸಕ್ಕೆ ಹೋಗಿದ್ದರು. ಸುಸ್ತೆಂದರೆ ಬಸುರಿಗೆ ಸಹಜವೆಂದರು. ಎಂಟನೆಯ ತಿಂಗಳಲ್ಲಿ ನೋವು ಬಂದು ಆಸ್ಪತ್ರೆಗೆ ಒಯ್ದಾಗ, ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಆರಿತ್ತು. ರಕ್ತ ಕೊಟ್ಟು ತಾಯಿಯನ್ನು ಉಳಿಸಿದರು, ಮಗು ಉಳಿಯಲಿಲ್ಲ. ಪ್ರತಿ ಸಂಜೆ ಸತ್ತವರ ಸಂಖ್ಯೆ ಓದುತ್ತಿದ್ದ ಆ ಕಾಲದಲ್ಲಿ ಆ ಮಗು ಯಾವ ಸಂಖ್ಯೆಗೂ ಸೇರಲಿಲ್ಲ. ಅದು ಕೊರೋನಾದಿಂದ ಸತ್ತದ್ದಲ್ಲವಷ್ಟೆ!

ಇಷ್ಟಾದರೂ ಉಳಿದ ಜೀವಗಳು ಉಳಿದದ್ದು ಬಹುಮಟ್ಟಿಗೆ ಮನೆಬಾಗಿಲಿಗೆ ಬಂದ ಹೆಂಗಸರಿಂದ. ಆ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಸನ್ಮಾನಿಸಿತು. ಸನ್ಮಾನ ಸಂತೋಷವೇ, ಆದರೆ ಹಾರದಿಂದ ಹೊಟ್ಟೆ ತುಂಬುವುದಿಲ್ಲ.

ಸಾಂಕ್ರಾಮಿಕ ರೋಗಗಳು ಇದೇ ಕೊನೆಯೆಂದು ಹೇಳಿ ಹೋಗುವುದಿಲ್ಲ. ಮತ್ತೊಂದು ಬಂದಾಗ ಆಸ್ಪತ್ರೆಯ ಬಾಗಿಲು ತೆರೆದಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯೂ ತೆರೆದಿರಬೇಕು. ಹೋಬಳಿಗೊಂದು ಗಾಡಿ ವಾರಕ್ಕೊಂದು ದಿನ ಬಸುರಿಯರಿಗಾಗಿಯೇ ಓಡಲಿ. ಒತ್ತಡ ಅಳೆಯುವ ಯಂತ್ರವೂ ರಕ್ತ ನೋಡುವ ಸಲಕರಣೆಯೂ ಊರಿನಲ್ಲಿಯೇ ಇರಲಿ. ಅವನ್ನು ಬಳಸುವ ಒಬ್ಬರನ್ನಾದರೂ ಬೇರೆ ಕೆಲಸಕ್ಕೆ ಎಳೆಯದಿರಲಿ. ಓದಿದ ನಮ್ಮಂಥವರು ಊರಿಗೆ ಹೋದಾಗ ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಅವಳ ತಪಾಸಣೆ ಆಯಿತೇ ಎಂದು ವಿಚಾರಿಸುವುದು ದೊಡ್ಡ ಕೆಲಸವೇನಲ್ಲ. ನೋವು ಕೂಗುವ ತನಕ ಕಾಯದೆ ಕೇಳಿಸಿಕೊಳ್ಳುವ ಸಮಾಜವೇ ತಾಯಂದಿರನ್ನು ಕಾಪಾಡಬಲ್ಲದು.