ಜಲಜನಕವೂ ಮಣ್ಣಗೆಯುವ ಯಂತ್ರವೂ

ಜಲವನ್ನು ಹುಟ್ಟಿಸುವದು ಜಲಜನಕ. ಶಾಲೆಯಲ್ಲಿದ್ದಷ್ಟು ವರ್ಷವೂ ಈ ಸಮಾಸವನ್ನು ನಾನು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದೆನು. ಫ್ರಾನ್ಸ್ ದೇಶದ ಲವಾಜಿಯೇ ಮತ್ತು ಆತನ ಸಂಗಡಿಗರು 1787ರಲ್ಲಿ ಗ್ರೀಕ ಧಾತುಗಳಿಂದ ಕಟ್ಟಿದ ‘ಹೈಡ್ರೋಜನ್’ ಎಂಬ ಹೆಸರಿನ ಅರ್ಥವೂ ಅಷ್ಟೇ. ಈ ವಾಯುವು ಉರಿದರೆ ಉಳಿಯುವದು ನೀರು. ಇದನ್ನು ಕೇಳಿದ ಕೆಲವರು ನಮ್ಮ ಪುರಾಣಗಳ ಬಡಬಾಗ್ನಿಯನ್ನು ನೆನೆದು, ಋಷಿಗಳು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಹೇಳುವದುಂಟು. ನನಗದು ಒಪ್ಪಿಗೆಯಿಲ್ಲ. ಸಮುದ್ರದೊಳಗೆ ಬೆಂಕಿಯನ್ನು ಕಲ್ಪಿಸುವದು ಒಂದು ಬಗೆಯ ಪ್ರತಿಭೆ. ಅದನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ದುಡಿಸುವದು ಇನ್ನೊಂದು ಬಗೆಯದು.

ಮಾಸೂರಿನವರಿಗೆ ಮಣ್ಣಿನ ಕೆಲಸವೆಂದರೆ ಮೊದಲು ಕಣ್ಮುಂದೆ ಬರುವದು ಮದಗದ ಕೆರೆ. ಕುಮುದ್ವತಿಯನ್ನು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ಆ ಏರಿಗಳನ್ನು ಹಿಂದಿನವರು ಗುದ್ದಲಿ ಬುಟ್ಟಿಗಳಿಂದಲೇ ಕಟ್ಟಿದರು. ಈಗ ಒಂದು ಬದುವನ್ನು ಹಾಕಬೇಕಾದರೂ ಜೇಸಿಬಿಯೇ ಬರಬೇಕು. ಆ ಮೂರಕ್ಷರಗಳು ಜೋಸೆಫ್ ಸಿರಿಲ್ ಬಾಮ್‌ಫರ್ಡ್ ಎಂಬ ಆಂಗ್ಲ ಗೃಹಸ್ಥನ ಹೆಸರಿನ ಮೊದಲಕ್ಷರಗಳೆಂಬುದು ಊರಿನಲ್ಲಿ ಬಹಳ ಜನಕ್ಕೆ ತಿಳಿಯದು. ಆತನು 1945ರಲ್ಲಿ ಒಂದು ಬಾಡಿಗೆಯ ಕೊಠಡಿಯಲ್ಲಿ ಕೆಲಸವನ್ನಾರಂಭಿಸಿದನು. ಇಂದು ನಮ್ಮಲ್ಲಿ ಯಾವ ಕಂಪನಿಯ ಯಂತ್ರ ಬಂದರೂ ಅದಕ್ಕೆ ಜೇಸಿಬಿಯೆಂದೇ ಹೆಸರು.

ನನ್ನ ತಂಗಿಯ ಮಗನು ಒಂಬತ್ತು ವರ್ಷ ಪರರ ಯಂತ್ರವನ್ನು ನಡಿಸಿ, ಈಚೆಗೆ ಸ್ವಂತದ್ದೊಂದನ್ನು ಕೊಳ್ಳಬೇಕೆಂದು ಹವಣಿಸಿದನು. ಹೊಲವನ್ನು ಒತ್ತೆಯಿಡದೆ ಅಷ್ಟು ಸಾಲ ಹುಟ್ಟುವಂತಿರಲಿಲ್ಲ. ಅಷ್ಟರಲ್ಲಿ ಎಲ್ಲಿಯೋ ಜಲಜನಕದಿಂದ ನಡೆಯುವ ಯಂತ್ರದ ಚಿತ್ರವನ್ನು ಕಂಡು ನನ್ನಲ್ಲಿಗೆ ಬಂದನು. “ಮಾಮಾ, ಈಗ ಸಾಲಾ ಮಾಡಿ ಡೀಸೆಲ್ ಗಾಡಿ ತಗೊಂಡು, ನಾಕು ವರ್ಷಕ್ಕ ಅದು ಗುಜರಿಗೆ ಹೋದ್ರ ಹೊಲಾನೂ ಹೋತು. ತಡೀಲೇನು?” ಎಂದನು. ತಂಗಿಯ ಹೊಲದ ಮಾತಾದ್ದರಿಂದ ಸುಮ್ಮನೆ ಹೂಂ ಎನ್ನಲು ಮನಸ್ಸಾಗಲಿಲ್ಲ. ಸಿಕ್ಕಿದ್ದನ್ನೆಲ್ಲ ಓದತೊಡಗಿದೆನು.

ಇಂಧನಕೋಶವೆಂಬುದು ಹೊಸದಲ್ಲ. ವೇಲ್ಸಿನ ವಿಲಿಯಮ್ ಗ್ರೋವನು ಅದರ ತತ್ತ್ವವನ್ನು 1839ರಲ್ಲಿಯೇ ತೋರಿಸಿದ್ದನು. ಈಗಿನ ಗಾಡಿಗಳ ಕೋಶದಲ್ಲಿ ಒಂದು ತೆಳುವಾದ ಪೊರೆಯಿರುವದು. ಅದರ ಎರಡು ಮಗ್ಗುಲಿಗೂ ಪ್ಲಾಟಿನಮ್ಮಿನ ಲೇಪ. ಒಂದು ಕಡೆ ಜಲಜನಕ, ಇನ್ನೊಂದು ಕಡೆ ಗಾಳಿ. ಜಲಜನಕದ ಪ್ರೋಟಾನುಗಳು ಪೊರೆಯನ್ನು ದಾಟಿ ಹೋಗುವವು. ಇಲೆಕ್ಟ್ರಾನುಗಳಿಗೆ ಅಲ್ಲಿ ದಾರಿಯಿಲ್ಲದ್ದರಿಂದ ಅವು ಹೊರಗಿನ ತಂತಿಯಿಂದ ಸುತ್ತಿಬರಬೇಕು. ಆ ಸುತ್ತಾಟವೇ ವಿದ್ಯುತ್ತು. ಆಚೆಯಲ್ಲಿ ಎರಡೂ ಆಮ್ಲಜನಕವನ್ನು ಕೂಡಿ ನೀರಾಗುವವು. ಉರಿಯಿಲ್ಲ, ಹೊಗೆಯಿಲ್ಲ.

ಇದನ್ನು ದುಡಿಮೆಯ ಯಂತ್ರಕ್ಕೆ ಹೂಡಿದ್ದೂ ಹಳೆಯ ಮಾತೇ. ಅಮೇರಿಕೆಯ ಆಲಿಸ್-ಚಾಮರ್ಸ್ ಕಂಪನಿಯವರು 1959ರಲ್ಲಿ 1008 ಕೋಶಗಳನ್ನು ಜೋಡಿಸಿ, 15 ಕಿಲೋವಾಟ್ ಶಕ್ತಿಯ ಟ್ರ್ಯಾಕ್ಟರನ್ನು ಹೊಲದಲ್ಲಿ ನಡಿಸಿ ತೋರಿಸಿದರು. ಅದು ಈಗ ವಸ್ತುಸಂಗ್ರಹಾಲಯವನ್ನು ಸೇರಿದೆ. 2020ರಲ್ಲಿ ಜೇಸಿಬಿ ಕಂಪನಿಯವರೇ 20 ಟನ್ನಿನ ಅಗೆಯುವ ಯಂತ್ರವೊಂದಕ್ಕೆ ಇಂಧನಕೋಶವನ್ನು ಕೂಡಿಸಿ ಕಲ್ಲುಗಣಿಯಲ್ಲಿ ಪರೀಕ್ಷಿಸಿದರು. ಬಳಿಕ ಅದನ್ನು ಬದಿಗಿಟ್ಟು, ಜಲಜನಕವನ್ನು ನೇರವಾಗಿ ಉರಿಸುವ ಇಂಜಿನ್ನಿನ ಕಡೆಗೆ ಹೊರಳಿದರು. ಕೋಶದ ಬೆಲೆ ಹೆಚ್ಚು, ರಚನೆ ಜಟಿಲ. ಅದಕ್ಕೆ ಶುದ್ಧವಾದ ಗಾಳಿ ಬೇಕು. ಮಣ್ಣಿನ ಕೆಲಸದಲ್ಲಿ ಧೂಳಿಗೆ ಬರವುಂಟೇ? ಬಕೆಟ್ಟು ನೆಲಕ್ಕೆ ಕಚ್ಚಿದಾಗ ಒಮ್ಮೆಲೆ ಬೀಳುವ ಭಾರವೂ ಕೋಶಕ್ಕೆ ಸರಿಬರದು. ನಡುವೆ ಬ್ಯಾಟರಿಯನ್ನಿಟ್ಟು ಸಮಾಧಾನಪಡಿಸಬೇಕು. ಆದರೂ ವೋಲ್ವೊ ಕಂಪನಿಯವರು ಬಿಡಲಿಲ್ಲ. 2022ರಲ್ಲಿ ಅವರು ಹೊರತಂದ ಆರು ಚಕ್ರದ ಮಣ್ಣು ಸಾಗಿಸುವ ಗಾಡಿಯು 12 ಕಿಲೋ ಜಲಜನಕವನ್ನು ಏಳೆಂಟು ನಿಮಿಷಗಳಲ್ಲಿ ತುಂಬಿಕೊಂಡು ಸುಮಾರು 4 ತಾಸು ದುಡಿಯುವದು.

ನಮ್ಮ ಹುಡುಗನ ಪ್ರಶ್ನೆಗೆ ಉತ್ತರವು ಮಾತ್ರ ಯಂತ್ರದಲ್ಲಿರದೆ ಲೆಕ್ಕದಲ್ಲಿತ್ತು. ಅವನ ಯಂತ್ರಕ್ಕೆ ತಾಸಿಗೆ ಸುಮಾರು 5 ಲೀಟರ್ ಡೀಸೆಲ್ಲಿನಂತೆ 8 ತಾಸಿಗೆ 40 ಲೀಟರ್. ಒಂದು ಲೀಟರಿನಲ್ಲಿ ಹತ್ತು ಯುನಿಟ್ಟಿನಷ್ಟು ಶಾಖವಿದ್ದರೂ ಇಂಜಿನ್ನು ಅದರಲ್ಲಿ ಮೂರರಲ್ಲೊಂದು ಪಾಲನ್ನಷ್ಟೇ ಕೆಲಸಕ್ಕೆ ತರುವದು. ಕೋಶವು ಅರ್ಧವನ್ನು ತರುವದೆಂದು ಹಿಡಿದರೆ ಅದೇ ದಿನದ ಕೆಲಸಕ್ಕೆ 8 ಕಿಲೋ ಜಲಜನಕ ಸಾಕು. ಕೇಳಲಿಕ್ಕೆ ಹಗುರು, ಆದರೆ ವಾತಾವರಣದ 350 ಪಟ್ಟು ಒತ್ತಡದಲ್ಲಿ ಅದುಮಿದರೂ ಅದಕ್ಕೆ 330 ಲೀಟರಿಗೂ ಮಿಗಿಲಾದ ಸ್ಥಳ ಬೇಕು. ನೀರನ್ನು ಒಡೆದು ಅದನ್ನು ಪಡೆಯಬೇಕಾದರೆ 400 ಯುನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ತಿರುಗಿ ಕೈಗೆ ಬರುವದು 130ರ ಸುಮಾರು. ಜಲಜನಕವು ಊಟೆಯಲ್ಲ, ಕೊಡ. ಬೇರೆಡೆಯಲ್ಲಿ ತುಂಬಿ ತರಬೇಕು, ದಾರಿಯಲ್ಲಿ ತುಳುಕುವದೂ ಉಂಟು. ಇಷ್ಟೇ ಕೆಲಸವನ್ನು ಬ್ಯಾಟರಿಯಿಂದ ಮಾಡಿಸಿದರೆ 170 ಯುನಿಟ್ಟಿನೊಳಗೆ ಮುಗಿದೀತು. ಹೀಗಾಗಿ ಸಣ್ಣ ಯಂತ್ರಕ್ಕೆ ಬ್ಯಾಟರಿಯೇ ಲೇಸು. ಬ್ಯಾಟರಿಯ ತೂಕ ತಾಳಲಾರದಷ್ಟಾಗುವ, ತಂತಿಯಿಲ್ಲದೆಡೆ ಹಗಲಿರುಳು ದುಡಿಯುವ ಮಹಾಯಂತ್ರಗಳಿಗಷ್ಟೇ ಜಲಜನಕ ಒಪ್ಪೀತೆಂದು ನನ್ನ ಮತ.

ಇನ್ನೊಂದು ಮಾತುಂಟು. ಈಗ ಲೋಕದಲ್ಲಿ ತಯಾರಾಗುವ ಜಲಜನಕದ ಬಹುಭಾಗವು ಭೂಗರ್ಭದ ಅನಿಲ, ಕಲ್ಲಿದ್ದಲುಗಳಿಂದ ಬರುವದು. ಅನಿಲದಿಂದ ಮಾಡಿದರೂ ಒಂದು ಕಿಲೋಕ್ಕೆ ಹತ್ತು ಕಿಲೋದಷ್ಟು ಇಂಗಾಲಾಮ್ಲವು ಹೊರಬೀಳುವದು. ಅಂದರೆ 8 ಕಿಲೋಕ್ಕೆ 80. ನಮ್ಮ 40 ಲೀಟರ್ ಡೀಸೆಲ್ಲು ಉಗುಳುವದು 107ರ ಸುಮಾರು. ಇದಕ್ಕಾಗಿ ಇಷ್ಟು ಆಟೋಪವೇ? ಕೇಂದ್ರಸರಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕದ ಯೋಜನೆಯನ್ನು ಮಂಜೂರು ಮಾಡಿದ್ದು ಈ ದೋಷವನ್ನು ನೀಗಲೆಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಾಸಪ್ಪನವರ ತಂಡದವರು ಕೃಷಿಯ ಕಸಕಡ್ಡಿಯಂಥ ಜೈವಿಕ ದ್ರವ್ಯವನ್ನು ಉಗಿ ಮತ್ತು ಆಮ್ಲಜನಕಗಳೊಡನೆ ಕಾಯಿಸಿ, ಕಿಲೋಕ್ಕೆ 100 ಗ್ರಾಮ್ ಜಲಜನಕವನ್ನು ತೆಗೆದಿದ್ದಾರೆ. ಕಸದಲ್ಲಿರುವದು 60 ಗ್ರಾಮ್ ಮಾತ್ರ; ಮಿಕ್ಕದ್ದನ್ನು ಉಗಿ ಕೊಡುವದು. ಗೋವಿನಜೋಳದ ದಂಟು ರಾಶಿಬೀಳುವ ನಮ್ಮ ಸೀಮೆಯವನಾದ ನನಗೆ ಓದಿದ್ದರಲ್ಲೆಲ್ಲ ಹೆಚ್ಚು ಹಿಡಿಸಿದ್ದು ಇದೇ. ಆದರೆ ಇಂದು ಮಾಸೂರಿನಲ್ಲಿ ಜಲಜನಕ ತುಂಬಿಸುವ ಬಂಕಿಲ್ಲ.

ಹೊಗೆಯ ಮಾತನ್ನು ಮಾತ್ರ ನಾನು ಹಗುರಾಗಿ ಎಣಿಸಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದರೋಗ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ನಿಶ್ಚಿತವಾಗಿ ಅರ್ಬುದಕಾರಿಯೆಂದು ಸಾರಿತು. ಒಂಬತ್ತು ವರ್ಷದಿಂದ ಅದನ್ನೇ ಉಸಿರಾಡಿದ ಹುಡುಗನು ರಾತ್ರಿ ಕೆಮ್ಮುವದನ್ನು ಅವನ ತಾಯಿ ನನ್ನೊಡನೆ ಎಷ್ಟೋ ಸಲ ಆಡಿಕೊಂಡಿದ್ದಾಳೆ.

ಕೊನೆಗೆ ಅವನಿಗೆ ಹೇಳಿದೆನು: ತಡೆಯಬೇಡ, ಆದರೆ ಹೊಸದನ್ನೂ ಕೊಳ್ಳಬೇಡ, ಹೊಲಕ್ಕೆ ಕೈಹಚ್ಚದೆ ಮೂರು ವರ್ಷಕ್ಕೆ ತೀರುವ ಸಾಲದಲ್ಲಿ ಹಳೆಯದೊಂದನ್ನು ನೋಡು. ಅವನು ಹಾಗೆಯೇ ಮಾಡಿದನು. ಹೊಗೆಯ ನಳಿಗೆಯನ್ನು ಎತ್ತರಿಸಿ, ಕೂಡ್ರುವ ಗೂಡಿನ ಒಡೆದ ಗಾಜುಗಳನ್ನು ಹೊಸದಾಗಿ ಕೂಡಿಸಿ, ಸಂದುಗಳನ್ನು ರಬ್ಬರಿನಿಂದ ಮುಚ್ಚಿಸಿಕೊಂಡಿದ್ದಾನೆ. ಟ್ರ್ಯಾಕ್ಟರು ಬರುವತನಕ ಇಂಜಿನ್ನನ್ನು ನಿಲ್ಲಿಸುವದನ್ನೂ ರೂಢಿಮಾಡಿದ್ದಾನೆ. ಅದರಿಂದ ದಿನಕ್ಕೆ ಮೂರು ಲೀಟರ್ ಉಳಿಯುವದಂತೆ. ಈ ವಾರ ಹೊಳೆಯಾಚೆಯ ಹೊಲದಲ್ಲಿ ಕೃಷಿಹೊಂಡ ತೋಡುತ್ತಿದ್ದಾನೆ.